ಸಾರಿನ ಪುಡಿ, ಚಟ್ನಿಪುಡಿ ಹಡಗಲ್ಲಿ ಅಮೆರಿಕಕ್ಕೆ ಕಳಿಸ್ಬೇಕಾ? ಮೊದ್ಲು ಇದನ್ನ ಓದ್ಕೊಳಿ

ನಮ್ಮತ್ತಿಗೆ ಮಾಡೋ ಸಾರಿನ ಪುಡಿ ನೆಂಟರ ಸೂಟ್‌ಕೇಸಲ್ಲಿ ಅಮೆರಿಕಕ್ಕೆ ಹೋಗಕ್ಕೆ ಶುರುವಾಗಿ ಎಷ್ಟೋ ವರ್ಷ ಆಯ್ತು. ಒಂದಿನ ನ್ಯೂಜೆರ್ಸಿಯಲ್ಲಿ ಇಂಡಿಯನ್ ಅಂಗಡಿಗಳಿಗೆ ಮಾಲು ಹಾಕೋ ಒಬ್ರು ಫೋನ್ ಮಾಡಿ ಅರ್ಧ ಟನ್ ಕಳಿಸ್ತೀರಾ ಅಂದ್ರು, ನಾವೂ ಹಿಂದೆಮುಂದೆ ನೋಡ್ದೆ ಹೂಂ ಅಂದ್ಬಿಟ್ವಿ, ಕೊರಿಯರ್ ರೇಟ್ ಕೇಳಿದ್ಮೇಲೆ ಗೊತ್ತಾಯ್ತು ಪುಡಿಗಿಂತ ಅದನ್ನ ಕಳಿಸೋ ಖರ್ಚೇ ಜಾಸ್ತಿ ಅಂತ. ಹಂಗಾಗಿ ಹಡಗು.

ಹಡಗು ಅಂದ್ರೆ ನಮಗೆ ಇದ್ದ ಭಯ ಸಮುದ್ರದ್ದು. ನಿಜವಾಗ್ಲೂ ದುಡ್ಡು ಕಳ್ಕೊಂಡಿದ್ದು ಮಾತ್ರ ಸಮುದ್ರದಲ್ಲಲ್ಲ, ಹೆಚ್ಚುಕಮ್ಮಿ ಎಲ್ಲಾ ತಪ್ಪೂ ಕಾರ್ಟನ್‌ಗೆ ಟೇಪ್ ಹೊಡೆಯೋಕೆ ಮುಂಚೆ ನಮ್ಮ ಶೆಡ್ಡಲ್ಲೇ ಆಗಿತ್ತು. ಅದಕ್ಕೇ ಕೆಳಗೆ ಬರೆದಿರೋದ್ರಲ್ಲಿ ಮುಕ್ಕಾಲು ಪಾಲು ಮಾಲು ಇನ್ನೂ ನಿಮ್ಮ ಹತ್ರ ಇರುವಾಗ ಮಾಡೋ ಕೆಲಸ.

ಮೊದ್ಲು: ಏನು ಕಳಿಸ್ತೀರ

ಎಲ್ಲಾದ್ರಲ್ಲೂ ಸ್ವಲ್ಪ ಸ್ವಲ್ಪ ಕಳಿಸೋಣ ಅಂತ ಆಸೆ ಬೇಡ. ಒಂದೊಂದು ಐಟಂಗೂ ಬೇರೆ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಮಾಲನ್ನ ಗುರುತಿಸೋ ನಂಬರ್), ಬೇರೆ ಲೇಬಲ್, ಬೇರೆ ಟೆಸ್ಟ್. ಮೊದಲ ಸಲಕ್ಕೆ ಒಣ ಪುಡಿ ಎರಡು ಥರ ಸಾಕು. ಸಾರಿನ ಪುಡಿ, ಹುಳಿ ಪುಡಿ ಇವೆಲ್ಲಾ ನೀರಿನಂಶ ಕಮ್ಮಿ ಇರೋವು, ಬಿಸಿ ತಡ್ಕೊಳತ್ತೆ, ಅಲುಗಾಡಿದ್ರೂ ಏನಾಗಲ್ಲ. ಕೊಬ್ಬರಿ, ಕಡ್ಲೆಕಾಯಿ ಹಾಕಿರೋ ಚಟ್ನಿಪುಡಿ ಎಣ್ಣೆ ಬಿಟ್ಕೊಂಡು ಕಮಟು ಬರತ್ತೆ, ಅದಕ್ಕೆ ಪ್ಯಾಕೆಟ್ ಚೆನ್ನಾಗಿರ್ಬೇಕು. ಚಕ್ಕುಲಿ, ಕೋಡುಬಳೆ ಇನ್ನೂ ಕಷ್ಟ, ಎರಡು ತಿಂಗಳು ಬಿಸಿ ಡಬ್ಬದೊಳಗೆ ಕೂತು ಹೋಗೋ ಕರಿದ ತಿಂಡಿಗೆ ನೈಟ್ರೋಜನ್ ತುಂಬಿದ ಪೌಚ್ ಇಲ್ಲಾಂದ್ರೆ ಬೇಡವೇ ಬೇಡ. ತುಪ್ಪ, ಹಾಲು ಬಿದ್ದಿರೋ ಸಿಹಿ ತಿಂಡಿಗೆ ರೂಲ್ಸೇ ಬೇರೆ, ಅದನ್ನ ಈಗ ಮರೆತುಬಿಡಿ.

ಉಪ್ಪಿನಕಾಯಿ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಮೊದ್ಲು ಕೇಳೋದೇ ಅದು. ಅಮೆರಿಕದಲ್ಲಿ ಆಹಾರ, ಔಷಧಿ ನೋಡ್ಕೊಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಎರಡು ನಂಬರ್ ನೋಡತ್ತೆ, ಪಿಎಚ್ (ಹುಳಿಯ ಅಳತೆ, ಹುಳಿ ಜಾಸ್ತಿ ಆದಷ್ಟೂ ನಂಬರ್ ಕಮ್ಮಿ) 4.6 ಮತ್ತೆ ವಾಟರ್ ಆಕ್ಟಿವಿಟಿ (ಸೂಕ್ಷ್ಮಜೀವಿ ಬೆಳೆಯೋಕೆ ಸಿಗೋ ನೀರಿನ ಅಳತೆ) 0.85. ಹುಳಿ ಇಲ್ಲದ ತರಕಾರಿಗೆ, ಬೆಳ್ಳುಳ್ಳಿ ಥರದ್ದಕ್ಕೆ ವಿನೆಗರ್ರೋ ನಿಂಬೆರಸವೋ ಹಾಕಿ ಪಿಎಚ್ ಇಳಿಸಿದ್ರೆ ಅದು ಆಸಿಡಿಫೈಡ್ ಫುಡ್ ಅಂತ ಲೆಕ್ಕ, ಅದಕ್ಕೆ ಫ್ಯಾಕ್ಟರಿಗೆ ಎಫ್‌ಡಿಎಯಿಂದ ಎಫ್‌ಸಿಇ ಅನ್ನೋ ನಂಬರ್ ತಗೋಬೇಕು, ಒಂದೊಂದು ಉಪ್ಪಿನಕಾಯಿಗೂ ಮಾಡೋ ವಿಧಾನ ಬರೆದು ಫೈಲ್ ಮಾಡ್ಬೇಕು. ಮಾವಿನಕಾಯಿ ತಾನಾಗೇ ಹುಳಿ, ಅದರ ಕಥೆ ಬೇರೆ ಆಗ್ಬಹುದು, ಆದ್ರೆ ಅದನ್ನ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ, ಲ್ಯಾಬ್ ರಿಪೋರ್ಟ್ ಬೇಕು. ಇದನ್ನೆಲ್ಲಾ ಎರಡನೇ ವರ್ಷಕ್ಕೆ ಇಟ್ಕೊಳಿ.

ನಮ್ಮ ಕಡೆ ಕಾಗದ

ಇದು ಹೆದರೋ ಅಷ್ಟೇನಿಲ್ಲ. ಐಇಸಿ, ಅಂದ್ರೆ ಆಮದು ರಫ್ತು ಮಾಡೋರಿಗೆ ಬೇಕಾದ ನಂಬರ್, ವಿದೇಶ ವ್ಯಾಪಾರ ನೋಡ್ಕೊಳೋ ಡಿಜಿಎಫ್‌ಟಿ ಸೈಟಲ್ಲಿ 500 ರೂಪಾಯಿಗೆ ಸಿಗತ್ತೆ, ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಂದ್ಸಲ ಲಾಗಿನ್ ಆಗಿ ಕನ್ಫರ್ಮ್ ಮಾಡ್ಬೇಕು, ಏನೂ ಬದಲಾಗಿಲ್ಲ ಅಂದ್ರೂ, ಮರೆತ್ರೆ ಡಿಆಕ್ಟಿವೇಟ್ ಆಗತ್ತೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಹೇಗೂ ಇರತ್ತೆ, ಅದರಲ್ಲಿ ಎಕ್ಸ್‌ಪೋರ್ಟ್ ಸೇರಿದ್ಯಾ ನೋಡ್ಕೊಳಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಫೈಲ್ ಮಾಡಿದ್ರೆ ತೆರಿಗೆ ಕಟ್ಟದೇ ಕಳಿಸ್ಬಹುದು, ಇದೂ ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಮಾಡ್ಬೇಕು.

ಆಮೇಲೆ ರಿಜಿಸ್ಟ್ರೇಶನ್. ಮಸಾಲೆ ಪುಡಿಗೆ ಸ್ಪೈಸಸ್ ಬೋರ್ಡ್, ಹಪ್ಪಳ ಉಪ್ಪಿನಕಾಯಿ ಚಟ್ನಿಗೆ ಅಪೇಡಾ (ಕೃಷಿ, ಆಹಾರ ರಫ್ತು ನೋಡ್ಕೊಳೋ ಕೇಂದ್ರ ಸಂಸ್ಥೆ). ಎರಡೂ ಕಳಿಸೋದಾದ್ರೆ ಎರಡೂ ಬೇಕು. ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ದುಡ್ಡು ಬರೋ ಬ್ಯಾಂಕ್ ಶಾಖೆಯ ನಂಬರ್) ಪತ್ರ ತಗೊಂಡು ನೀವು ಎಲ್ಲಿ ಕ್ಲಿಯರೆನ್ಸ್ ಮಾಡಿಸ್ತೀರೋ ಆ ಕಸ್ಟಮ್ಸ್ ಜಾಗಕ್ಕೆ ಕಸ್ಟಮ್ಸ್ ವೆಬ್‌ಸೈಟ್ ಐಸ್‌ಗೇಟಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಬೆಂಗಳೂರು ಕಡೆಯವರಿಗೆ ವೈಟ್‌ಫೀಲ್ಡ್‌ನ ಐಸಿಡಿ (ಒಳನಾಡಿನ ಕಂಟೇನರ್ ಡಿಪೋ) ಇದೆ, ಅಲ್ಲೇ ಕಸ್ಟಮ್ಸ್ ಮುಗಿಸಿ ಚೆನ್ನೈ ಬಂದರಿಗೆ ಹೋಗತ್ತೆ. ಕರಾವಳಿಯವರಿಗೆ ಪಣಂಬೂರಿನ ಮಂಗಳೂರು ಬಂದರು ಹತ್ರ, ಆದ್ರೆ ಚಿಕ್ಕ ಲೋಡಿಗೆ ಯಾವ ಬಂದರಿನಿಂದ ವಾರ ವಾರ ಹೊರಡತ್ತೆ ಅಂತ ಕೇಳಿ ತೀರ್ಮಾನ ಮಾಡಿ, ಹತ್ರ ಇದೆ ಅಂತ ಅಲ್ಲ. ಒಂದು ಜಾಗಕ್ಕೆ ಎಡಿ ಕೋಡ್ ಮಾಡಿಸಿ ಇನ್ನೊಂದು ಜಾಗಕ್ಕೆ ಲಾರಿ ಕಳಿಸಿದ್ರೆ ಅಲ್ಲೇ ನಿಲ್ಲತ್ತೆ.

ಆ ಕಡೆ ಕಾಗದ

ಅಮೆರಿಕಕ್ಕೆ ಹೋಗೋ ತಿಂಡಿ ಮಾಡೋ ಜಾಗ ಎಫ್‌ಡಿಎಯಲ್ಲಿ ರಿಜಿಸ್ಟರ್ ಆಗಿರ್ಬೇಕು. ಇದಕ್ಕೆ ಸರ್ಕಾರಿ ಫೀ ಇಲ್ಲ, ಪುಕ್ಕಟೆ. ಡನ್ಸ್ ನಂಬರ್ (ಕಂಪನಿ ಗುರುತಿಸೋ ಒಂದು ಅಂತರರಾಷ್ಟ್ರೀಯ ನಂಬರ್) ಬೇಕು, ಅಮೆರಿಕದಲ್ಲಿ ಇರೋ ಒಬ್ರನ್ನ ಯುಎಸ್ ಏಜೆಂಟ್ ಅಂತ ತೋರಿಸ್ಬೇಕು. ಎಫ್‌ಡಿಎ ಸರ್ಟಿಫಿಕೇಟ್ ಕೊಡ್ತೀವಿ ಅಂತ ಸಾವಿರಾರು ರೂಪಾಯಿ ಕೇಳೋರು ಸಿಗ್ತಾರೆ, ಹೊಳೆಯೋ ಮುದ್ರೆ ಹಾಕಿ ಫ್ರೇಮ್ ಮಾಡ್ಸಿ ಗೋಡೆಗೆ ಹಾಕೋ ಥರದ್ದು ಕೊಡ್ತಾರೆ, ಎಫ್‌ಡಿಎ ಅಂಥದ್ದೇನೂ ಕೊಡೋದೇ ಇಲ್ಲ, ಕೊಡೋದು ನಂಬರ್ ಅಷ್ಟೇ. ಆ ನಂಬರ್‌ನ ಸರಿಸಂಖ್ಯೆ ವರ್ಷದಲ್ಲಿ, ಅಂದ್ರೆ 2024, 2026 ಹೀಗೆ, ಅಕ್ಟೋಬರ್ 1ರಿಂದ ಡಿಸೆಂಬರ್ 31ರ ಒಳಗೆ ರಿನ್ಯೂ ಮಾಡ್ಬೇಕು.

ಮಿಕ್ಕಿದ್ದು ಬೈಯರ್ ಕೆಲಸ, ಆದ್ರೆ ಅವ್ರು ಮಾಡಿದ್ದಾರಾ ಅಂತ ನೀವೇ ಕೇಳ್ಬೇಕು. ಎಫ್‌ಎಸ್‌ವಿಪಿ ಅಂತ ಒಂದಿದೆ, ಹೊರದೇಶದ ಸಪ್ಲೈಯರ್ ಸರಿಯಾಗಿ ಮಾಡ್ತಿದ್ದಾನೆ ಅಂತ ಇಂಪೋರ್ಟರ್ ಪರೀಕ್ಷೆ ಮಾಡಿ ದಾಖಲೆ ಇಟ್ಕೊಳೋದು, ಅವರು ನಿಮ್ಮ ಹತ್ರ ನೂರೆಂಟು ಪ್ರಶ್ನೆ ಕೇಳ್ತಾರೆ, ಬೇಜಾರು ಮಾಡ್ಕೋಬೇಡಿ. ಏನೂ ಕೇಳ್ದೇ ಬರೀ ರೇಟ್ ಕೇಳೋ ಬೈಯರ್ ಸಿಕ್ಕಿದ್ರೇನೇ ನನಗೆ ಭಯ. ಕಂಟೇನರ್ ಹಡಗಿಗೆ ಏರೋಕೆ 24 ಗಂಟೆ ಮುಂಚೆ ಐಎಸ್‌ಎಫ್ (ಅಮೆರಿಕದ ಕಸ್ಟಮ್ಸ್‌ಗೆ ಕೊಡೋ ಮಾಲಿನ ಮಾಹಿತಿ) ಫೈಲ್ ಆಗಿರ್ಬೇಕು, ತಡ ಆದ್ರೆ 5000 ಡಾಲರ್‌ವರೆಗೂ ದಂಡ ಇದೆ. ಹಡಗು ಆ ಕಡೆ ಮುಟ್ಟೋಕೆ ಕನಿಷ್ಠ 8 ಗಂಟೆ ಮುಂಚೆ ಎಫ್‌ಡಿಎಗೆ ಪ್ರಯರ್ ನೋಟಿಸ್, ಅಂದ್ರೆ ಮಾಲು ಬರ್ತಿದೆ ಅನ್ನೋ ಮುಂಗಡ ಸೂಚನೆ. ಇವೆರಡಕ್ಕೂ ಮಾಹಿತಿ ಹೋಗೋದು ನಿಮ್ಮಿಂದ, ಹಾಗಾಗಿ ಫ್ಯಾಕ್ಟರಿ ವಿಳಾಸ, ಎಚ್‌ಎಸ್ ಕೋಡ್, ಕಂಟೇನರ್ ತುಂಬೋ ಜಾಗ ಎಲ್ಲಾ ಒಂದು ಶೀಟಲ್ಲಿ ಬರೆದು ಮೊದಲೇ ಮೇಲ್ ಮಾಡಿ.

ಸುಂಕ ಎಷ್ಟು ಅಂತ ನಾನು ಇಲ್ಲಿ ಬರೆಯಲ್ಲ. 2025ರಲ್ಲಿ ಅದು ಮೇಲೆ ಹೋಗಿದ್ದು ಕೆಳಗೆ ಬಂದಿದ್ದು ನೋಡಿದ್ಮೇಲೆ, ಇನ್‌ವಾಯ್ಸ್ ಮಾಡೋ ವಾರ ಬೈಯರ್ ಕಡೆ ಕಸ್ಟಮ್ಸ್ ಬ್ರೋಕರ್‌ನ ಕೇಳೋದೇ ಸರಿ.

ಲೇಬಲ್, ಇಲ್ಲೇ ನಾವು ಎಡವಿದ್ದು

ನಮ್ಮ ಸಾರಿನ ಪುಡಿ ಪ್ಯಾಕೆಟ್ ಹಿಂದೆ ಪಟ್ಟಿ ಚೆನ್ನಾಗೇ ಇತ್ತು. ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಮೆಣಸು, ಕರಿಬೇವು, ಅರಿಶಿನ, ಇಂಗು. ಬೈಯರ್ ಫೋನ್ ಮಾಡಿ "ಇಂಗು ಅಂದ್ರೆ ಡಬ್ಬಿ ಇಂಗಾ, ಆ ಡಬ್ಬಿ ಮೇಲೆ ಏನು ಬರೆದಿದೆ ಓದಿ" ಅಂದ್ರು. ಅತ್ತಿಗೆ ಒಳಗಿಂದ ಡಬ್ಬಿ ತಂದು, ಕನ್ನಡಕ ಹಾಕ್ಕೊಂಡು ಓದಿದ್ರು: ಗೋಧಿ ಹಿಟ್ಟು, ಗೋಂದು, ಇಂಗು. ಗೋಧಿ! ಅಮೆರಿಕದಲ್ಲಿ ಅಲರ್ಜಿ ಅಂತ ಹೆಸರಿಸಲೇಬೇಕಾದ 9 ಪದಾರ್ಥದಲ್ಲಿ ಗೋಧಿ ಒಂದು. 2,880 ಪ್ಯಾಕೆಟ್ ಪ್ರಿಂಟ್ ಆಗಿ ತುಂಬಿ ಕೂತಿತ್ತು. ಸ್ಟಿಕ್ಕರ್ ಮಾಡಿಸಿ ಮನೆ ಮಂದಿ, ಪಕ್ಕದ ಮನೆ ಹುಡುಗರು ಎಲ್ಲಾ ಕೂತು ಎರಡು ರಾತ್ರಿ ಅಂಟಿಸಿದ್ವಿ. ಅತ್ತಿಗೆ ಮಾತ್ರ "ಚಿಟಿಕೆ ಇಂಗಿಗೆ ಇಷ್ಟೆಲ್ಲಾನಾ" ಅಂತ ಅಂಟಿಸ್ತಾನೇ ಬಯ್ತಿದ್ರು. ಚಿಟಿಕೆ ಆದ್ರೂ ಅಲರ್ಜಿ ಇರೋರಿಗೆ ಚಿಟಿಕೆನೇ ಸಾಕು, ಹಂಗೆ ಬರೆಯದೇ ಹೋದ ಮಾಲನ್ನ ರೀಕಾಲ್ ಮಾಡಿಸ್ತಾರೆ.

ಎಳ್ಳು ಆ ಪಟ್ಟಿಗೆ ಸೇರಿದ್ದು 2023ರ ಜನವರಿ 1ರಿಂದ, ಹುಚ್ಚೆಳ್ಳು, ಬಿಳಿ ಎಳ್ಳು ಒಂದೇ ಗಿರಣಿಯಲ್ಲಿ ಮಾಡೋರು ಯೋಚ್ನೆ ಮಾಡಿ. ಕಡ್ಲೆಕಾಯಿ, ಗೋಡಂಬಿ ಅಂತೂ ಇದ್ದೇ ಇದೆ. ಸಾಸಿವೆ ಅಮೆರಿಕದ ಪಟ್ಟಿಯಲ್ಲಿಲ್ಲ, ಆದ್ರೆ ಯುರೋಪ್ ಮತ್ತೆ ಕೆನಡಾ ಪಟ್ಟಿಯಲ್ಲಿದೆ. ನಮ್ಮ ಒಗ್ಗರಣೆ ಹಾಕಿದ ಐಟಂ ಎಲ್ಲಾ ಅಲ್ಲಿಗೆ ಹೋಗ್ಬೇಕಂದ್ರೆ ಲೇಬಲ್ ಬೇರೆ. ಒಂದೇ ಲೇಬಲ್ ಎಲ್ಲಾ ದೇಶಕ್ಕೂ ನಡೆಯಲ್ಲ.

ತೂಕ ಗ್ರಾಮ್ ಜೊತೆ ಔನ್ಸಲ್ಲೂ ಬೇಕು, 200 ಗ್ರಾಮ್ ಅಂದ್ರೆ ಸುಮಾರು 7 ಔನ್ಸ್. ನ್ಯೂಟ್ರಿಷನ್ ಫ್ಯಾಕ್ಟ್ಸ್ ಪಟ್ಟಿ ಅವರದೇ ನಮೂನೆಯಲ್ಲಿ ಇರ್ಬೇಕು, ನಮ್ಮ ದೇಶದ ಪಟ್ಟಿ ಹಾಕಂಗಿಲ್ಲ. ತಾರೀಖು ಬರೆಯೋವಾಗ 05/04 ಅಂತ ಬರೀಬೇಡಿ, ನಮಗೆ ಅದು ಏಪ್ರಿಲ್ 5, ಅವರಿಗೆ ಮೇ 4, ತಿಂಗಳ ಹೆಸರು ಅಕ್ಷರದಲ್ಲಿ ಹಾಕಿ. ಬಣ್ಣ ಹಾಕಿದ ತಿಂಡಿ ಇದ್ರೆ ಇನ್ನೊಂದು ತಲೆನೋವು, ಇಲ್ಲಿ ನಡೆಯೋ ಕಾರ್ಮೊಯ್ಸಿನ್, ಪಾನ್ಸೋ 4ಆರ್ ಅಲ್ಲಿ ನಡೆಯಲ್ಲ. ಪ್ರಿಂಟ್ ಮಾಡ್ಸೋ ಮುಂಚೆ ಲೇಬಲ್ ಪ್ರೂಫ್ ಬೈಯರ್‌ಗೆ ಕಳಿಸಿ, ಅವರು ಓಕೆ ಅಂತ ಮೇಲಲ್ಲೇ ಬರೆದು ಕಳಿಸ್ಲಿ, ಫೋನಲ್ಲಿ ಅಲ್ಲ.

ಟೆಸ್ಟ್

ಮಸಾಲೆಗೆ ಮುಖ್ಯವಾಗಿ ನೋಡೋದು ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ), ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರೋ ವಿಷ), ಕೀಟನಾಶಕದ ಉಳಿಕೆ. 2024ರ ಏಪ್ರಿಲ್‌ನಲ್ಲಿ ಹಾಂಕಾಂಗ್, ಸಿಂಗಾಪುರದವರು ಕೆಲವು ಭಾರತೀಯ ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ (ಕ್ರಿಮಿ ಕೊಲ್ಲೋಕೆ ಬಳಸೋ ಅನಿಲ) ಇದೆ ಅಂತ ತಡೆದಿದ್ದು ನೆನಪಿರ್ಬಹುದು, ಆಮೇಲೆ ಆ ಎರಡು ಜಾಗಕ್ಕೆ ಹೋಗೋ ಮಸಾಲೆಗೆ ಸ್ಪೈಸಸ್ ಬೋರ್ಡ್ ಆ ಟೆಸ್ಟ್ ಕಡ್ಡಾಯ ಮಾಡ್ತು. ಅಫ್ಲಾಟಾಕ್ಸಿನ್ ಬರೋದು ಸರಿಯಾಗಿ ಒಣಗದ ಮೆಣಸಿನಕಾಯಿಗೆ ಬೂಷ್ಟು ಹಿಡಿದ್ರೆ. ಯುರೋಪಲ್ಲಿ ಮಸಾಲೆಗೆ ಅಫ್ಲಾಟಾಕ್ಸಿನ್ ಬಿ1 (ಅದರ ಒಂದು ಬಗೆ) ಕಿಲೋಗೆ 5 ಮೈಕ್ರೋಗ್ರಾಮ್, ಎಲ್ಲಾ ಬಗೆ ಸೇರಿ ಒಟ್ಟು 10, ಅದಕ್ಕಿಂತ ಜಾಸ್ತಿ ಇದ್ರೆ ವಾಪಸ್. ಪುಡಿ ಮಾಡಿದ್ಮೇಲೆ ಟೆಸ್ಟ್ ಮಾಡ್ಸಿ ಅಳೋದಕ್ಕಿಂತ ಮೆಣಸಿನಕಾಯಿ ಕೊಳ್ಳೋವಾಗ್ಲೇ ತೊಟ್ಟು ಮುರಿದು, ಸೀಳಿ ಒಳಗೆ ನೋಡಿ, ಬೀಜದ ಹತ್ರ ಬೂದು ಬಣ್ಣ ಕಂಡ್ರೆ ಆ ಚೀಲ ಬೇಡ. ಲ್ಯಾಬ್ ಎನ್‌ಎಬಿಎಲ್ ಮಾನ್ಯತೆ ಇರೋದೇ ಆಗಿರ್ಲಿ, ಶೆಲ್ಫ್ ಲೈಫ್ ಬಗ್ಗೆ ಸಲಹೆ ಬೇಕಂದ್ರೆ ಮೈಸೂರಿನ ಸಿಎಫ್‌ಟಿಆರ್‌ಐ ಕಡೆ ವಿಚಾರಿಸಿ. ರಿಪೋರ್ಟಲ್ಲಿ ಇರೋ ಬ್ಯಾಚ್ ನಂಬರ್, ಪ್ಯಾಕೆಟ್ ಮೇಲಿರೋ ಬ್ಯಾಚ್ ನಂಬರ್ ಒಂದೇ ಇರ್ಬೇಕು.

ಪ್ಯಾಕಿಂಗ್ ಮತ್ತು ಅಳತೆ

ನಮ್ಮ ಲೆಕ್ಕ ಹೇಳ್ತೀನಿ, ನಿಮ್ಮದಕ್ಕೆ ಹೊಂದಿಸ್ಕೊಳಿ. ಕಾರ್ಟನ್ 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಒಳಗೆ 200 ಗ್ರಾಮ್‌ನ 48 ಪ್ಯಾಕೆಟ್. 60 ಕಾರ್ಟನ್. ಒಂದು ಕಾರ್ಟನ್ 0.0405 ಕ್ಯೂಬಿಕ್ ಮೀಟರ್ (ಸಿಬಿಎಂ), ಅಂದ್ರೆ 60ಕ್ಕೆ 2.43 ಸಿಬಿಎಂ. ಕಂಟೇನರ್ ಪೂರ್ತಿ ತಗೊಳೋ ಅಷ್ಟು ಮಾಲಿಲ್ಲ, ಹಾಗಾಗಿ ಎಲ್‌ಸಿಎಲ್, ಬೇರೆಯವರ ಮಾಲಿನ ಜೊತೆ ಹಂಚ್ಕೊಂಡು ಹೋಗೋದು. ಅದರಲ್ಲಿ ಬಾಡಿಗೆ ಸಿಬಿಎಂ ಇಲ್ಲಾ ಟನ್, ಯಾವುದು ಜಾಸ್ತಿಯೋ ಅದಕ್ಕೆ. ನಮ್ಮದು ಟನ್ ಒಳಗೇ ಇದ್ದಿದ್ರಿಂದ ಸಿಬಿಎಂ ಲೆಕ್ಕ. 2.43 ಅಂತ ಖುಷಿಯಾಗಿದ್ವಿ, ಆದ್ರೆ ಅಳೆಯೋದು ಪ್ಯಾಲೆಟ್ (ಕಾರ್ಟನ್ ಪೇರಿಸೋ ಹಲಗೆ ಚೌಕಟ್ಟು) ಸಮೇತ. 120 ಬೈ 100ರ ಪ್ಯಾಲೆಟ್ ಮೇಲೆ ಒಂದು ವರಸೆಗೆ 8 ಕಾರ್ಟನ್, ನಾಲ್ಕು ವರಸೆ, ಪ್ಯಾಲೆಟ್ ಎತ್ತರ 15 ಸೇರಿ 135 ಸೆಂಟಿಮೀಟರ್. ಎರಡು ಪ್ಯಾಲೆಟ್‌ಗೆ 3.24 ಸಿಬಿಎಂ. ಗಾಳಿಗೂ ಮರಕ್ಕೂ ಮುಕ್ಕಾಲು ಸಿಬಿಎಂಗೆ ಮೇಲೆ ದುಡ್ಡು ಕೊಟ್ಟಂಗಾಯ್ತು. ಕಾರ್ಟನ್ ಸೈಜ್ ಆರ್ಡರ್ ಕೊಡೋ ಮುಂಚೆ ನೆಲದ ಮೇಲೆ ಚಾಕ್‌ಪೀಸಲ್ಲಿ 120 ಬೈ 100 ಬರೆದು ಹೇಗೆ ಕೂರತ್ತೆ ನೋಡಿ, ಈಗ ನಾವು ಹಂಗೇ ಮಾಡೋದು. ಇನ್ನು ಆ ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆ ಗುರುತಿನ ಐಪಿಪಿಸಿ ಮುದ್ರೆ, ಎಚ್‌ಟಿ ಅಂತ ಇರ್ಲೇಬೇಕು, ಮರದ ತಿರುಳನ್ನ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು ಅಂತ ಅರ್ಥ. ಪಕ್ಕದ ಸಾಮಿಲ್‌ನಲ್ಲಿ ಮೊಳೆ ಹೊಡೆಸಿದ ಪ್ಯಾಲೆಟ್ ತಗೊಂಡ್ರೆ ಮಾಲು ಪ್ಯಾಲೆಟ್ ಸಮೇತ ವಾಪಸ್ ಬರತ್ತೆ. ಪ್ಲಾಸ್ಟಿಕ್ ಪ್ಯಾಲೆಟ್ ಆದ್ರೆ ಈ ರಗಳೆ ಇಲ್ಲ.

ತೇವದ ವಿಷ್ಯ. ಹಗಲು ಬಿಸಿಲಿಗೆ ಕಾದ ಕಬ್ಬಿಣದ ಡಬ್ಬ ರಾತ್ರಿ ತಣ್ಣಗಾದಾಗ ಒಳಗಿನ ತೇವ ಮೇಲ್ಛಾವಣಿಯಲ್ಲಿ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕತ್ತೆ, ಪಾತ್ರೆ ಮುಚ್ಚಳದ ಕೆಳಗೆ ನೀರು ನಿಲ್ಲಲ್ವಾ ಅದೇ ಥರ. ಅದಕ್ಕೆ ಪ್ಯಾಕೆಟ್ ಅಲ್ಯೂಮಿನಿಯಂ ಪದರದ ಲ್ಯಾಮಿನೇಟ್, ಕಾರ್ಟನ್ ಒಳಗೆ ಪ್ಲಾಸ್ಟಿಕ್ ಲೈನರ್, ಪ್ಯಾಲೆಟ್ ತಲೆ ಮೇಲೆ ಒಂದು ಹಾಳೆ ಹಾಕಿ ಆಮೇಲೆ ಸ್ಟ್ರೆಚ್ ಸುತ್ತಿ. ಬರೀ ಸುತ್ತಲೂ ಸುತ್ತಿ ತಲೆ ಬಿಟ್ರೆ ಪ್ರಯೋಜನ ಇಲ್ಲ. ಪುಡಿ ಹುರಿದು ಬೀಸಿದ ಬಿಸಿಯಲ್ಲೇ ಪ್ಯಾಕ್ ಮಾಡಿದ್ರಂತೂ ಎಷ್ಟೇ ಲೈನರ್ ಹಾಕಿದ್ರೂ ಒಳಗಿಂದಲೇ ಗಂಟು ಕಟ್ಟತ್ತೆ.

ಎರಡನೇ ಸಲ ಕಳಿಸಿದಾಗ ಒಂದು ಹತ್ತು ಕಾರ್ಟನ್ ಹಪ್ಪಳ ಸೇರಿಸಿದ್ವಿ, ಬರೀ ತೆಳು ಪ್ಲಾಸ್ಟಿಕ್ ಕವರಲ್ಲಿ. ಅಲ್ಲಿ ಮುಟ್ಟಿದ್ಮೇಲೆ ಬೈಯರ್ ಮೆಸೇಜ್: "ಹಪ್ಪಳ ಕರಿದ್ರೆ ದೇವರ ಮನೆ ವಾಸನೆ ಬರ್ತಿದೆ". ನಮ್ಮ ಪಕ್ಕದಲ್ಲೇ ಅದೇ ಕಂಟೇನರಲ್ಲಿ ಯಾರದೋ ಊದುಬತ್ತಿ ಹೋಗಿತ್ತು! ನಮ್ಮೂರ ಕಡೆಯಿಂದ ಎಲ್‌ಸಿಎಲ್ ಅಂದ್ರೆ ಊದುಬತ್ತಿ ಇದ್ದೇ ಇರತ್ತೆ ಅಂತ ನಮಗೆ ಹೊಳೆಯಲೇ ಇಲ್ಲ. ಪುಡಿ ಲ್ಯಾಮಿನೇಟ್ ಪೌಚಲ್ಲಿತ್ತು, ಅದಕ್ಕೆ ಏನೂ ಆಗಿರ್ಲಿಲ್ಲ. ಈಗ ಫಾರ್ವರ್ಡರ್‌ಗೆ (ಹಡಗಲ್ಲಿ ಜಾಗ ಬುಕ್ ಮಾಡ್ಸಿ ಮಾಲು ಕಳಿಸೋರು) ಬುಕಿಂಗ್ ಮೇಲಲ್ಲೇ ಬರೀತೀವಿ, ವಾಸನೆ ಇರೋ ಮಾಲು, ಕೆಮಿಕಲ್ ಜೊತೆ ಹಾಕಬೇಡಿ ಅಂತ. ಎಲ್ಲರೂ ಕೇಳಲ್ಲ, ಕೇಳೋರ ಹತ್ರ ಹೋಗಿ.

ರೇಟ್ ಕೇಳೋದು

ಎಲ್‌ಸಿಎಲ್‌ನಲ್ಲಿ ದೊಡ್ಡ ಮೋಸ ಹೋಗೋ ಜಾಗ ಇದು. ಕೆಲವು ರೂಟಿಗೆ ಹಡಗಿನ ಬಾಡಿಗೆ ತೀರಾ ಕಮ್ಮಿ, ಸೊನ್ನೆ ಅಂತಾನೂ ಕೋಟ್ ಬರತ್ತೆ, ಆ ದುಡ್ಡನ್ನ ಆ ಕಡೆ ಮಾಲು ಬಿಡಿಸ್ಕೊಳೋರ ಹತ್ರ ವಸೂಲಿ ಮಾಡ್ತಾರೆ. ನಮ್ಮ ಮೊದಲ ಫಾರ್ವರ್ಡರ್ ರೇಟ್ ನೋಡಿ ನಾವು ಹಿಗ್ಗಿದ್ವಿ, ಬೈಯರ್‌ಗೆ ಬಿಲ್ ಬಂದ ದಿನ ಅವರು ಮಾತಾಡಿದ್ದು ಇಲ್ಲಿ ಬರೆಯೋಕಾಗಲ್ಲ. ಹಾಗಾಗಿ ಕೋಟ್ ಕೇಳೋವಾಗ ಮೂರು ಭಾಗ ಬೇರೆ ಬೇರೆ ಕೇಳಿ: ಇಲ್ಲಿಯ ಖರ್ಚು, ಹಡಗಿನ ಬಾಡಿಗೆ, ಅಲ್ಲಿಯ ಗೋದಾಮು, ಹ್ಯಾಂಡ್ಲಿಂಗ್, ಡೆಲಿವರಿ ಆರ್ಡರ್ ಖರ್ಚು. ಮೂರನೇದನ್ನ ಕೊಡಕ್ಕೆ ಹಿಂದೇಟು ಹಾಕೋರನ್ನ ಬಿಟ್ಟುಬಿಡಿ. ಯಾರ ಖರ್ಚು ಎಲ್ಲಿವರೆಗೆ ಅನ್ನೋದು ಇನ್‌ಕೋಟರ್ಮ್ಸ್ (ಎಲ್ಲಾ ದೇಶದಲ್ಲೂ ನಡೆಯೋ ವ್ಯಾಪಾರದ ಷರತ್ತಿನ ಸಂಕೇತ) ಹೆಸರಲ್ಲಿ ಇನ್‌ವಾಯ್ಸ್ ಮೇಲೆ ಇರ್ಲಿ. ಎಲ್ಲರೂ ಎಫ್‌ಒಬಿ ಚೆನ್ನೈ (ಚೆನ್ನೈನಲ್ಲಿ ಹಡಗಿಗೆ ಏರಿಸೋವರೆಗೂ ನಮ್ಮ ಜವಾಬ್ದಾರಿ) ಅಂತ ಬರೀತಾರೆ, ಕಂಟೇನರ್ ಮಾಲಿಗೆ ಸರಿಯಾದ್ದು ಎಫ್‌ಸಿಎ, ಗೋದಾಮಿಗೆ ಒಪ್ಪಿಸಿದ್ಮೇಲೆ ನಿಮ್ಮ ಜವಾಬ್ದಾರಿ ಮುಗೀತು.

ಹೊರಡೋ ವಾರ

ಕಸ್ಟಮ್ಸ್ ಬ್ರೋಕರ್ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡೋ ರಫ್ತಿನ ಅರ್ಜಿ) ಹಾಕ್ತಾರೆ, ಲೆಟ್ ಎಕ್ಸ್‌ಪೋರ್ಟ್ ಆರ್ಡರ್ (ಕಳಿಸ್ಬಹುದು ಅನ್ನೋ ಒಪ್ಪಿಗೆ) ಬಂದ್ಮೇಲೆ ಮಾಲು ತುಂಬ್ತಾರೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಕಾರ್ಟನ್ ಮೇಲಿನ ಬರಹ ಮೂರರಲ್ಲೂ ಒಂದೇ ಸಂಖ್ಯೆ, ಒಂದೇ ಹೆಸರು. ಒಂದರಲ್ಲಿ ಸಾಂಬಾರ್ ಪುಡಿ, ಇನ್ನೊಂದರಲ್ಲಿ ಹುಳಿ ಪುಡಿ ಅಂತ ಬರೆದ್ರೆ ನಮಗೆ ಎರಡೂ ಒಂದೇ, ಆಫೀಸರ್‌ಗೆ ಎರಡು ಬೇರೆ ಐಟಂ. ಬಿಲ್ ಆಫ್ ಲೇಡಿಂಗ್ (ಮಾಲು ಪಡೆದಿದ್ದಕ್ಕೆ ಹಡಗಿನವರು ಕೊಡೋ ಕಾಗದ) ಡ್ರಾಫ್ಟ್ ಬಂದಾಗ ಅಕ್ಷರ ಅಕ್ಷರ ಓದಿ, ಹಡಗು ಹೊರಟ ಮೇಲೆ ತಿದ್ದೋಕೆ ದುಡ್ಡು.

ಎಷ್ಟು ದಿನ ಅಂತೀರಾ? ನಮ್ಮದು ಶೆಡ್ಡಿಂದ ಅವರ ಗೋದಾಮಿಗೆ 71 ದಿನ ತಗೊಂಡ್ತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ್ಮೇಲೆ ಬಹಳಷ್ಟು ಹಡಗು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗಕ್ಕೆ ಶುರು ಮಾಡಿದ್ವು, ಆ ದಾರಿಗೆ ದಿನ ಜಾಸ್ತಿ. ಇನ್ನು ಎಲ್‌ಸಿಎಲ್‌ನಲ್ಲಿ ಪಕ್ಕದವರ ಮಾಲನ್ನ ಅಲ್ಲಿ ಪರೀಕ್ಷೆಗೆ ಎಳೆದ್ರೆ ಇಡೀ ಕಂಟೇನರ್ ನಿಲ್ಲತ್ತೆ, ನಿಮ್ಮ ತಪ್ಪಿಲ್ದಿದ್ರೂ. ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಿ: 12 ತಿಂಗಳು ಬಾಳಿಕೆ, ಬೈಯರ್‌ಗೆ ಕೈಗೆ ಸಿಕ್ಕಾಗ 8 ತಿಂಗಳಾದ್ರೂ ಉಳಿದಿರ್ಬೇಕು ಅಂದ್ರೆ ನಿಮ್ಮ ಹತ್ರ ಇರೋದು ನಾಲ್ಕೇ ತಿಂಗಳು, ಅದರಲ್ಲಿ ಎರಡೂವರೆ ಹಡಗಿಗೆ. ಗೋದಾಮಲ್ಲಿ ಉಳಿದ ಹಳೆ ಸ್ಟಾಕ್ ಕಳಿಸೋ ಮಾತೇ ಇಲ್ಲ, ಆರ್ಡರ್ ಬಂದ್ಮೇಲೆ ಹುರೀಬೇಕು.

ದುಡ್ಡು, ಇನ್ಶೂರೆನ್ಸ್

ಪರಿಚಯದವರು, ನಮ್ಮೂರವರು, ಅದೆಲ್ಲಾ ಸರಿ. ಅರ್ಧ ಮುಂಗಡ, ಮಿಕ್ಕಿದ್ದು ಬಿಲ್ ಆಫ್ ಲೇಡಿಂಗ್ ಕಾಪಿ ತೋರಿಸಿದಾಗ, ದುಡ್ಡು ಬಂದ್ಮೇಲೇ ಒರಿಜಿನಲ್ ಬಿಡೋದು. ಆ ಕಾಗದ ನಿಮ್ಮ ಹತ್ರ ಇರೋವರೆಗೂ ಅಲ್ಲಿ ಮಾಲು ಬಿಡ್ಸೋಕಾಗಲ್ಲ. ಸಾಲಕ್ಕೆ ಮಾಲು ಕಳಿಸೋ ಹಂತಕ್ಕೆ ಬಂದ್ರೆ ಇಸಿಜಿಸಿ ಪಾಲಿಸಿ (ಬೈಯರ್ ದುಡ್ಡು ಕೊಡದಿದ್ರೆ ಅನ್ನೋದಕ್ಕೆ ಇರೋ ಇನ್ಶೂರೆನ್ಸ್) ನೋಡಿ.

ಮೆರೈನ್ ಇನ್ಶೂರೆನ್ಸ್ ಬೇಡ ಅನ್ನೋರಿಗೆ ನಾನು ಹೇಳೋದು ಎರಡು. 2025ರ ಮೇ 25ಕ್ಕೆ ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಕೊಚ್ಚಿ ಆಚೆ ಮುಳುಗಿ ಕೇರಳದ ತೀರಕ್ಕೆ ಕಂಟೇನರ್‌ಗಳು ತೇಲಿ ಬಂದಿದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ವಿ. ಇನ್ನೊಂದು ಜನರಲ್ ಆವರೇಜ್: ಹಡಗನ್ನ ಉಳಿಸೋಕೆ ಆದ ಖರ್ಚನ್ನ ಅದರಲ್ಲಿ ಮಾಲಿಟ್ಟ ಎಲ್ಲರೂ ಹಂಚ್ಕೋಬೇಕು, ನಿಮ್ಮ ಮಾಲಿಗೆ ಏನೂ ಆಗದೇ ಇದ್ರೂ. 2021ರಲ್ಲಿ ಸೂಯೆಜ್‌ನಲ್ಲಿ ಸಿಕ್ಕಾಕೊಂಡ ಎವರ್ ಗಿವನ್‌ಗೆ ಹಂಗೇ ಆಗಿದ್ದು. ಸಾಮಾನ್ಯವಾಗಿ ಸಿಐಎಫ್ ಬೆಲೆಗೆ (ಮಾಲು, ಇನ್ಶೂರೆನ್ಸ್, ಹಡಗಿನ ಬಾಡಿಗೆ ಸೇರಿದ್ದು) 10% ಸೇರಿಸಿ, ಐಸಿಸಿ ಎ ಪಾಲಿಸಿ (ಹೆಚ್ಚುಕಮ್ಮಿ ಎಲ್ಲಾ ಥರದ ನಷ್ಟಕ್ಕೂ ಅನ್ವಯಿಸೋದು) ತಗೊಳಿ, ನಮ್ಮಂಥ ಚಿಕ್ಕ ಲೋಡಿಗೆ ಪ್ರೀಮಿಯಂ ದೊಡ್ಡದೇನಲ್ಲ.

ದುಡ್ಡು ಬ್ಯಾಂಕಿಗೆ ಬಂದ್ಮೇಲೆ ಶಿಪ್ಪಿಂಗ್ ಬಿಲ್ ಜೊತೆ ಹೊಂದಿಸಿ ಇ-ಬಿಆರ್‌ಸಿ (ರಫ್ತಿನ ದುಡ್ಡು ಬಂತು ಅನ್ನೋ ಪ್ರಮಾಣಪತ್ರ) ಮಾಡ್ಕೊಳಿ, ಇಲ್ಲಾಂದ್ರೆ ಬ್ಯಾಂಕ್ ಲೆಕ್ಕದಲ್ಲಿ ನಿಮ್ಮ ಬಾಕಿ ಹಂಗೇ ತೋರಿಸ್ತಾ ಇರತ್ತೆ, ಮುಂದಿನ ಸಲ ತೊಂದ್ರೆ.

ಕೊನೆಗೆ ಒಂದು ಕೆಲಸ, ಇದಕ್ಕೆ ಖರ್ಚಿಲ್ಲ. ಲಾರಿಗೆ ಹಾಕೋವಾಗ ಅದೇ ಬ್ಯಾಚಿಂದು ಒಂದು ಕಾರ್ಟನ್ ಹಿಂದೆ ಇಟ್ಕೊಳಿ, ಒಳಗೆ ತಂಪಲ್ಲಿ ಅಲ್ಲ, ತಗಡಿನ ಶೀಟ್ ಕೆಳಗೆ ಅಟ್ಟದ ಮೇಲೆ, ಬಿಸಿಲು ಬಿದ್ರೆ ಕಾಯೋ ಜಾಗದಲ್ಲಿ. ಬೈಯರ್ ಅಲ್ಲಿ ಕಾರ್ಟನ್ ಬಿಚ್ಚೋ ದಿನ ವಿಡಿಯೋ ಕಾಲ್ ಮಾಡಿ ನೀವೂ ಇಲ್ಲಿ ಬಿಚ್ಚಿ. ಅಲ್ಲಿ ಪುಡಿ ಗಂಟು ಕಟ್ಟಿ ಇಲ್ಲಿ ಚೆನ್ನಾಗಿದ್ರೆ ದಾರಿಯಲ್ಲಿ ಆಗಿದ್ದು, ಇನ್ಶೂರೆನ್ಸ್‌ನವರಿಗೆ ಅವತ್ತೇ ಫೋಟೋ ಸಮೇತ ಮೇಲ್ ಹಾಕಿ. ಎರಡೂ ಕಡೆ ಗಂಟು ಕಟ್ಟಿದ್ರೆ ಮೇಲ್ ಹಾಕೋಕೆ ಹೋಗ್ಬೇಡಿ, ಅತ್ತಿಗೆ ಹತ್ರ ಹೋಗಿ ಬೀಸಿದ್ಮೇಲೆ ಎಷ್ಟು ಹೊತ್ತು ಆರಿಸಿದ್ರಿ ಅಂತ ಕೇಳಿ.